ಆಮೆಯ ಮುಂದಿನ ಪುಸ್ತಕ

ಲೋಗೋ ಎಂಬ ಕಂಪ್ಯೂಟರ್ ಭಾಷೆಯ ಹೆಸರನ್ನು ಕೇಳಿದೊಡನೆ, ಮಕ್ಕಳನ್ನು ಓದಿಸುತ್ತಿರುವ ನಿಮ್ಮಲ್ಲಿ ಹಲವರಿಗೆ ಪರದೆಯ ನಡುವೆ ನಿಂತ ಪುಟ್ಟ ತ್ರಿಕೋನವೊಂದು ಕಣ್ಣಮುಂದೆ ಬಂದೀತು. ಅದಕ್ಕೆ ಆಮೆಯೆಂದು ಹೆಸರು. ‘ಫಾರ್ವರ್ಡ್ 100’ ಎಂದರೆ ಗೆರೆಯೆಳೆಯುತ್ತ ನೂರು ಹೆಜ್ಜೆ ಮುಂದೆ ಹೋಗುತ್ತದೆ. ‘ರೈಟ್ 90’ ಎಂದರೆ ನಿಂತಲ್ಲಿಯೇ ಬಲಕ್ಕೆ ತಿರುಗುತ್ತದೆ. ಈ ಎರಡನ್ನೂ ನಾಲ್ಕು ಬಾರಿ ಹೇಳಿದರೆ ಚೌಕ ಸಿದ್ಧ. ಪ್ರಾಥಮಿಕ ತರಗತಿಗಳ ಕಂಪ್ಯೂಟರ್ ಪುಸ್ತಕಗಳಲ್ಲಿ ಲೋಗೋ ಇಲ್ಲಿ ಆರಂಭವಾಗಿ ಬಹುಮಟ್ಟಿಗೆ ಇಲ್ಲಿಯೇ ಮುಗಿಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ. ಚೌಕ, ಪಂಚಭುಜ, ನಕ್ಷತ್ರಗಳನ್ನೆಲ್ಲ ಬರೆದು ಮುಗಿಸಿ, “ತಾತ, ಇದರ ಮುಂದಿನ ಪುಸ್ತಕ ಯಾವುದು?” ಎಂದು ಫೋನಿನಲ್ಲಿ ಕೇಳಿದಳು. ಶಾಲೆಯಲ್ಲಿ ವಿಚಾರಿಸಿದ್ದಕ್ಕೆ, ಅದು ಚಿಕ್ಕ ಮಕ್ಕಳ ಭಾಷೆ, ಮುಂದೆ ಏನೂ ಇಲ್ಲ ಎಂಬ ಉತ್ತರ ಬಂದಿತಂತೆ.

ಗಣಿತ ಕಲಿಸಿ ಬದುಕಿದ ನನಗೆ ಆ ಉತ್ತರ ರುಚಿಸಲಿಲ್ಲ. ಲೋಗೋ 1967ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ವಾಲೀ ಫೋಯರ್‌ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಆಮೆ ಬಂದದ್ದು ಆಮೇಲೆ. ಮೊದಲಿಗೆ ಅದು ಪದಗಳನ್ನೂ ವಾಕ್ಯಗಳನ್ನೂ ಆಡಿಸುವ ಭಾಷೆ. ಕೃತಕ ಬುದ್ಧಿಮತ್ತೆಯವರು ಬಳಸುತ್ತಿದ್ದ ಲಿಸ್ಪ್ ಭಾಷೆಯ ಮಗು.

ಉದಾಹರಣೆಗೆ, ಲೋಗೋದಲ್ಲಿ ‘ಫಸ್ಟ್’ ಎಂದರೆ ವಾಕ್ಯದ ಮೊದಲ ಪದ. ‘ಬಟ್‌ಫಸ್ಟ್’ ಎಂದರೆ ಅದನ್ನು ಬಿಟ್ಟು ಉಳಿದದ್ದು. “ರಾಮನು ಕಾಡಿಗೆ ಹೋದನು” ಎಂಬುದನ್ನು ತಿರುಗುಮುರುಗು ಮಾಡಬೇಕೆನ್ನಿ. ಮೊದಲ ಪದವನ್ನು ಬದಿಗಿಟ್ಟು, ಉಳಿದದ್ದನ್ನು ಇದೇ ರೀತಿ ತಿರುಗಿಸಿ, ಬದಿಗಿಟ್ಟದ್ದನ್ನು ಕೊನೆಗೆ ಸೇರಿಸಿದರಾಯಿತು. “ಇದೇ ರೀತಿ” ಎಂಬಲ್ಲಿ ಕಾರ್ಯಕ್ರಮವು ತನ್ನನ್ನು ತಾನೇ ಕರೆಯುತ್ತದೆ. ಪದಗಳು ತೀರಿದಾಗ ನಿಲ್ಲುತ್ತದೆ. ಎರಡೇ ಸಾಲಿನ ಈ ಮಾತನ್ನು ಅರಗಿಸಿಕೊಳ್ಳಲು ನನಗೆ ಮೂರು ಸಂಜೆ ಬೇಕಾಯಿತು. ಹುಡುಗಿಗೆ ಒಂದೇ ಸಾಕಾಯಿತು, ಅದು ಬೇರೆ ವಿಷಯ.

ಹಾಗಾದರೆ ಮುಂದಿನ ಪುಸ್ತಕಗಳು ಇಲ್ಲವೇ? ಇವೆ, ಬೆರಳೆಣಿಕೆಯಷ್ಟು. ಹೆರಾಲ್ಡ್ ಏಬಲ್ಸನ್ ಮತ್ತು ಆಂಡ್ರಿಯಾ ಡಿಸೆಸ್ಸಾ ಅವರ ‘ಟರ್ಟಲ್ ಜಿಯಾಮೆಟ್ರಿ’ 1981ರಲ್ಲಿ ಬಂತು. ಚೌಕ ಬರೆದು ಹೊರಟಲ್ಲಿಗೇ ಮರಳುವ ಆಮೆ ಒಟ್ಟು 360 ಡಿಗ್ರಿ ತಿರುಗಿರುತ್ತದೆ. ಐದು ಮೂಲೆಯ ನಕ್ಷತ್ರವಾದರೆ 144ರಂತೆ ಐದು ಬಾರಿ, ಒಟ್ಟು 720, ಎಂದರೆ ಎರಡು ಪೂರ್ಣ ಸುತ್ತು. ಇಂಥ ಎಳೆಯನ್ನೇ ಹಿಡಿದು ಆ ಪುಸ್ತಕ ಗೋಳದ ಮೇಲೂ ಘನದ ಮೇಲೂ ಆಮೆಯನ್ನು ನಡೆಸಿ, ಕೊನೆಗೆ ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತೆಯ ಬಾಗಿಲಿಗೆ ಮುಟ್ಟಿಸುತ್ತದೆ. ಬರ್ಕ್‌ಲಿಯ ಬ್ರಯನ್ ಹಾರ್ವಿ ಅವರ ‘ಕಂಪ್ಯೂಟರ್ ಸೈನ್ಸ್ ಲೋಗೋ ಸ್ಟೈಲ್’ ಮೂರು ಸಂಪುಟಗಳಷ್ಟಿದೆ; ಎರಡನೆಯ ಆವೃತ್ತಿ 1997ರದು. ಮೂರನೆಯ ಸಂಪುಟದಲ್ಲಿ ಲೋಗೋದಿಂದಲೇ ಪ್ಯಾಸ್ಕಲ್ ಎಂಬ ಇನ್ನೊಂದು ಭಾಷೆಗೆ ಕಂಪೈಲರ್ ಬರೆದು ತೋರಿಸಿದ್ದಾರೆ. ಚಿಕ್ಕ ಮಕ್ಕಳ ಭಾಷೆಯಂತೆ! ಹಾರ್ವಿಯವರು ಇವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿರುವುದು ದೊಡ್ಡ ಉಪಕಾರ.

ಆದರೆ ಚೌಕಕ್ಕೂ ಕಂಪೈಲರಿಗೂ ನಡುವಿನ ಮೆಟ್ಟಿಲುಗಳು ತೀರ ಕಡಮೆ. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲ ಪುಸ್ತಕವನ್ನು ತರಗತಿಗೆ ತರಗತಿಯೇ ಕೊಳ್ಳುತ್ತದೆ. ಎರಡನೆಯದನ್ನು ಕೊಳ್ಳುವವರು ಇಡೀ ಊರಿಗೆ ಒಬ್ಬರೋ ಇಬ್ಬರೋ. ಜೊತೆಗೆ ಲೋಗೋದಲ್ಲಿ ನಾನಾ ಪ್ರಭೇದಗಳಿದ್ದು, ಒಂದಕ್ಕೆಂದು ಬರೆದ ಪುಸ್ತಕದ ಆಜ್ಞೆಗಳು ಇನ್ನೊಂದರಲ್ಲಿ ಹಾಗೆಯೇ ನಡೆಯುವುದಿಲ್ಲ. ಮುಂದಿನ ತರಗತಿಯಲ್ಲಿ ಶಾಲೆ ಬೇರೆ ಭಾಷೆಗೆ ಹಾರುತ್ತದೆ. ಪುಸ್ತಕವಿಲ್ಲದ್ದರಿಂದ ಭಾಷೆ ಬಾಲಿಶವೆನಿಸುತ್ತದೆ; ಬಾಲಿಶವೆನಿಸಿದ್ದರಿಂದ ಪುಸ್ತಕ ಬರುವುದಿಲ್ಲ.

ಈ ಸುಳಿಯನ್ನು ಕಂಡಾಗ ನನಗೆ ನೆನಪಾದವರು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ನನ್ನ ವಿದ್ಯಾರ್ಥಿಗಳು. ಹತ್ತನೆಯ ತರಗತಿಯವರೆಗೆ ಕೈಹಿಡಿದಿದ್ದ ಕನ್ನಡ ಪುಸ್ತಕ, ಕಾಲೇಜಿನ ಬಾಗಿಲಲ್ಲಿ ಕೈಬಿಡುತ್ತಿತ್ತು. “ಕನ್ನಡದಲ್ಲಿ ಭೌತಶಾಸ್ತ್ರ ಆಗುವುದಿಲ್ಲ ಸಾರ್” ಎಂದು ಅವರಲ್ಲೇ ಒಬ್ಬ ಬಂದು ಹೇಳಿದ್ದ. ಆಗದಿದ್ದದ್ದು ಭಾಷೆಯಿಂದಲ್ಲ, ಮೇಜಿನ ಮೇಲೆ ಪುಸ್ತಕವಿರಲಿಲ್ಲ, ಅಷ್ಟೆ.

ಹುಡುಗಿಗಾಗಿ ಹಾರ್ವಿಯವರ ಮೊದಲ ಸಂಪುಟವನ್ನು ಓದುತ್ತ, ಅವಳ ಮಟ್ಟಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯತೊಡಗಿದ್ದೇನೆ. ನಲವತ್ತು ಪುಟದ ನೋಟ್‌ಪುಸ್ತಕದಲ್ಲಿ ಹದಿನೇಳು ಪುಟ ತುಂಬಿದೆ. ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ಬಿಡುವಾದಾಗ ತಪ್ಪು ತಿದ್ದಿಕೊಡಬೇಕು. ‘ಟರ್ಟಲ್ ಜಿಯಾಮೆಟ್ರಿ’ಯ ಹಳೆಯ ಪ್ರತಿ ಅವೆನ್ಯೂ ರಸ್ತೆಯಲ್ಲೋ ಇನ್ನೆಲ್ಲೋ ಕಣ್ಣಿಗೆ ಬಿದ್ದರೆ ಕೊಂಡಿಡಿ. ಪುಸ್ತಕದ ಬೆಲೆಯನ್ನೂ ಅಂಚೆಯ ಖರ್ಚನ್ನೂ ನಾನು ಕೊಡುತ್ತೇನೆ. ಗುರುದಕ್ಷಿಣೆ ಎಂದು ನೆಪ ಹೇಳಬಾರದು.