ಡಿಡಿ ಅದ, ಮ್ಯಾಚ್ ಇಲ್ಲ

ಭಾರತದ ಒಂದು ದಿನದ ಪಂದ್ಯ ಶುರುವಾದರೆ ಕಲಬುರಗಿ ಜಿಲ್ಲೆಯ ಕುರಕುಂಟಾದಲ್ಲಿ ಕೇಬಲ್ ಹಾಕಿಸಿಕೊಂಡವರ ಮನೆಗಳಲ್ಲಿ ಒಂದೇ ಮಾತು: "ಡಿಡಿಯಾಗ ಮ್ಯಾಚ್ ಕಾಣವಲ್ದಲ್ರಿ!" ಮಾಳಿಗೆ ಮೇಲೆ ಫ್ರೀ ಡಿಶ್ ಛತ್ರಿ ಇದ್ದವರಿಗೆ ಅದೇ ಚಾನೆಲ್‌ನಲ್ಲಿ ಅದೇ ಪಂದ್ಯ ಬರುತ್ತದೆ.

ಇದು ಕೇಬಲ್‌ನವನ ತಪ್ಪಲ್ಲ. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಸರಣಿಯ ನೇರ ಪ್ರಸಾರವನ್ನು ದೂರದರ್ಶನಕ್ಕೆ ಕೊಡಲು ಹಕ್ಕುದಾರ ಕಂಪನಿ ಒಪ್ಪಲಿಲ್ಲ. ಏಳು ನಿಮಿಷ ತಡವಾಗಿ ತೋರಿಸಿ ಎಂದಿತು ದೆಹಲಿ ಹೈಕೋರ್ಟ್. ಆ ಗದ್ದಲದಿಂದಲೇ ಕ್ರೀಡಾ ಸಿಗ್ನಲ್ಲನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಕಡ್ಡಾಯವಾಗಿ ಹಂಚಿಕೊಳ್ಳುವ ಕಾಯ್ದೆ ಬಂತು. ಆದರೆ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಆ ಸಿಗ್ನಲ್ ದೂರದರ್ಶನದ ಟವರ್ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗೆ ಹೋಗುವಂತಿಲ್ಲ ಎಂದಿತು. ಮುಂದೆ ಆ ಟವರ್‌ಗಳೂ ಬಹುತೇಕ ಬಂದ್ ಆದವು.

ಖಾಸಗಿ ಚಾನೆಲ್‌ಗೆ ದುಡ್ಡು ಕೊಟ್ಟು ನೋಡುವವರಿಗಾದರೂ ಸುಖವಿದೆಯೇ? ಓವರಿನ ಕೊನೆಯ ಚೆಂಡು ಕೀಪರ್ ಕೈ ಸೇರುವುದರೊಳಗೆ ಜಾಹೀರಾತು. ವಿಕೆಟ್ ಬಿದ್ದರೆ ಬೌಲರನ ಸಂಭ್ರಮ ಅರ್ಧಕ್ಕೇ ತುಂಡು. ನಾಯಕ ಫೀಲ್ಡರುಗಳನ್ನು ಎಲ್ಲಿಂದ ಎಲ್ಲಿಗೆ ಸರಿಸಿದ ಎಂಬುದು, ಆಟದ ಅರ್ಧ ರುಚಿ ಇರುವುದೇ ಅದರಲ್ಲಿ, ಕಾಣುವುದೇ ಇಲ್ಲ.

1975ರಲ್ಲಿ ಉಪಗ್ರಹ ಟಿವಿಯ 'ಸೈಟ್' ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳನ್ನು. ಬೆಂಗಳೂರಿಗಿಂತ ಮೊದಲೇ ಟಿವಿ ಕಂಡ ಈ ನೆಲದಲ್ಲೇ ಈಗ ಕೇಬಲ್ ಮನೆಗಳಿಗೆ ಡಿಡಿಯ ಮ್ಯಾಚ್ ಇಲ್ಲ.

ದೇಶದ ತಂಡ ಆಡುವಾಗ ಡಿಡಿ ಎಲ್ಲ ಮನೆಯಲ್ಲೂ ಕಾಣಬೇಕು, ಅದಕ್ಕೆ ಕಾಯ್ದೆ ತಿದ್ದಬೇಕು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯವರೇ, ನಿಮ್ಮ ಮನ್ಯಾಗ ಹೆಂಗದ, ಹೇಳ್ರಿ.