ನಾಗರತ್ನಮ್ಮ ಬಿಡದ ಪದ್ಯಗಳು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಆರ್ಥರ್ ಗೋಲ್ಡನ್ ಬರೆದ 'ಮೆಮೊಯರ್ಸ್ ಆಫ್ ಎ ಗೈಷಾ' (1997) ಸಿಕ್ಕಿತು. ರಾತ್ರಿಯೆಲ್ಲ ಓದಿದೆ. 'ನಾನು' ಎಂದು ಕತೆ ಹೇಳುವ ಸಯೂರಿಯನ್ನು ಪೂರ್ತಿ ನಂಬಿಬಿಟ್ಟೆ. ಆ 'ನಾನು' ಅಮೆರಿಕದ ಗಂಡಸೊಬ್ಬರ ಕಲ್ಪನೆ ಎಂಬುದು ಮರೆತೇ ಹೋಗಿತ್ತು. ಆ ಕಾದಂಬರಿಗೆ ತನ್ನ ಲೋಕದ ವಿವರ ಕೊಟ್ಟಿದ್ದ ಕ್ಯೋಟೊದ ಮಿನೆಕೊ ಇವಾಸಾಕಿ 2001ರಲ್ಲಿ ಲೇಖಕರ ಮೇಲೆ ದಾವೆ ಹೂಡಿದರು. ಮರುವರ್ಷ ಅವರ ಆತ್ಮಕಥೆಯೇ ಇಂಗ್ಲಿಷಿನಲ್ಲಿ ಬಂತು.

ಆಗ ನೆನಪಾದವರು ಬೆಂಗಳೂರು ನಾಗರತ್ನಮ್ಮ. ಗೈಷಾ ಬೇರೆ, ದೇವದಾಸಿ ಬೇರೆ. ಆದರೆ ಇಬ್ಬರ ಕತೆಯನ್ನೂ ಹೇಳಿದವರು ಹೆಚ್ಚಾಗಿ ಹೊರಗಿನವರೇ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಈ ಗಾಯಕಿ, ತಂಜಾವೂರಿನ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಹಿಂದಿನ ಮುದ್ರಣ ಬಿಟ್ಟಿದ್ದ ಪದ್ಯಗಳನ್ನೂ ಸೇರಿಸಿದರು. ಅಶ್ಲೀಲವೆಂದು ಸರ್ಕಾರ ಪುಸ್ತಕವನ್ನು ನಿಷೇಧಿಸಿತು.

ಬೆಳಿಗ್ಗೆ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಹುರುಳಿಕಾಯಿ ಸೋಸುತ್ತಿದ್ದವರು ಕೈ ನಿಲ್ಲಿಸಿದರು.

"ನಮ್ಮ ಚಿಕ್ಕಮ್ಮನೂ ಚೆನ್ನಾಗಿ ಹಾಡ್ತಿದ್ದಳು ಕಣೇ. ಸಭೆಯಲ್ಲಿ ಹಾಡಿದಳು ಅಂತ ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೇ ಎತ್ತಲಿಲ್ಲ."

"ಏನಜ್ಜಿ ಹೆಸರು?"

ಮೆಲ್ಲಗೆ ಹೇಳಿದರು. ನನ್ನ ಮಾತು ಸೇರಿಸದೆ, ಅವರು ಹೇಳಿದ ಹಾಗೇ ಬರೆದುಕೊಂಡೆ.