ಇಳಿಯುವಾಗ ಸಣ್ಣ ಹೆಜ್ಜೆ

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. "ಮುಂಬಯಿಯಲ್ಲಿ ಹೇಗೆ ಇರ್ತೀರಿ ಮಾರಾಯ್ರೆ? ಒಂದು ಮರ ಇಲ್ಲ, ಮಟ್ಟು ಇಲ್ಲ!" ನಾನು ನಕ್ಕು ಸುಮ್ಮನಾಗುತ್ತೇನೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಚಿರತೆಯ ಸೀಮೆ ಶುರುವಾಗುತ್ತದೆ ಎಂದರೆ ಅವರು ನಂಬುವುದಿಲ್ಲ. ನಂಬದವರನ್ನು ದೂರಿ ಪ್ರಯೋಜನವಿಲ್ಲ. ಬೋರಿವಲಿಯಲ್ಲಿ ಮೂವತ್ತು ವರ್ಷ ಮನೆ ಮಾಡಿಕೊಂಡಿದ್ದ ನನಗೇ ಅದು ಗೊತ್ತಿರಲಿಲ್ಲ.

ನಾನು ಕುಂದಾಪುರದ ಕಡೆಯವನು. ಮಂಗಳಗಂಗೋತ್ರಿಯಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗಿ 1984ರಲ್ಲಿ ಮುಂಬಯಿಗೆ ಬಂದೆ. ಬೆಳಿಗ್ಗೆ ಎಂಟರ ಲೋಕಲ್, ರಾತ್ರಿ ಎಂಟರ ಲೋಕಲ್. ನಡುವೆ ಲೆಡ್ಜರು, ಆಮೇಲೆ ಕಂಪ್ಯೂಟರು. ಬೋರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಕಾಣುವ ಹಸಿರು ಗುಡ್ಡಗಳು ನನ್ನ ಪಾಲಿಗೆ ಬ್ಯಾಂಕಿನ ಕ್ಯಾಲೆಂಡರಿನ ಚಿತ್ರದ ಹಾಗೆ. ಮಗ ಸಣ್ಣವನಿದ್ದಾಗ ಒಂದೆರಡು ಸಲ ವನರಾಣಿ ಎಂಬ ಪುಟಾಣಿ ರೈಲಿನಲ್ಲಿ ಕೂರಿಸಲು ಕರೆದುಕೊಂಡು ಹೋಗಿದ್ದೆ, ಅಷ್ಟೇ. 2018ರಲ್ಲಿ ನಿವೃತ್ತನಾದೆ. ಮರುವರ್ಷ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿದ್ದು ಗೊತ್ತಾಯಿತು. ಡಾಕ್ಟರು ಔಷಧಿಯ ಚೀಟಿ ಕೈಗಿಟ್ಟು, "ಇದಕ್ಕಿಂತ ಮುಖ್ಯ, ದಿನಾ ನಡೀರಿ" ಎಂದರು.

ಹಾಗೆ ನಾನು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಳಗಿನ ವಾಕಿಂಗ್ ಪಾಸು ಮಾಡಿಸಿದೆ. ಹಳಬರು ಅದನ್ನು ಈಗಲೂ 'ನ್ಯಾಷನಲ್ ಪಾರ್ಕ್' ಎಂದೇ ಕರೆಯುವುದು. ಪಾರ್ಕ್ ಎಂದರೆ ನಮ್ಮ ಕಣ್ಣಿಗೆ ಬೆಂಚು, ಕಾರಂಜಿ ಬರುತ್ತದಲ್ಲವೇ? ಇದು ಹಾಗಲ್ಲ. ಸುಮಾರು 104 ಚದರ ಕಿಲೋಮೀಟರ್ ಕಾಡು. ಸುತ್ತ ಬೋರಿವಲಿ, ಮುಲುಂಡ್, ಠಾಣೆ. ನಡುವೆ ಗುಡ್ಡದ ಸಾಲು. ಆ ಗುಡ್ಡಗಳ ಮಡಿಲಲ್ಲಿ ಎರಡು ಕೆರೆಗಳು: 1860ರಲ್ಲಿ ಮುಗಿದ ವಿಹಾರ್ ಮತ್ತು 1879ರ ತುಳಸಿ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ಊರಿನ ಒಳಗೇ ಇರುವವು ಈ ಎರಡೇ. ತುಳಸಿ ಎಲ್ಲಕ್ಕಿಂತ ಚಿಕ್ಕದು. ಚಿಕ್ಕದೆಂದರೂ ತುಂಬಿದಾಗ ಅದರಲ್ಲಿ ಸುಮಾರು 800 ಕೋಟಿ ಲೀಟರ್ ನೀರು ನಿಲ್ಲುತ್ತದೆ. ಕುಡಿಯುವ ನೀರಾದ್ದರಿಂದ ದಡಕ್ಕೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ತುಳಸಿಯ ಕಡೆಯಿಂದ ಬರುವ ದಹಿಸರ್ ನದಿ ಉದ್ಯಾನದೊಳಗೆ ತಿಳಿಯಾಗಿ ಹರಿಯುತ್ತದೆ. ಗೇಟು ದಾಟಿ ಊರಿಗೆ ಬಂತೆಂದರೆ ಗಟಾರದ ಬಣ್ಣ. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಇಡೀ ಮುಂಬಯಿಯ ಬಾಯಲ್ಲಿದ್ದ ಮೀಠಿ ನದಿಯೂ ವಿಹಾರ್ ಕೆರೆಯ ಕೋಡಿ ನೀರಿನಿಂದಲೇ ಹೊರಡುವುದು. ಆ ರಾತ್ರಿ ಆಫೀಸಿನ ಮೇಜಿನ ಮೇಲೆ ಮಲಗಿದ್ದ ನನಗೆ ಅದು ತಿಳಿದಿರಲಿಲ್ಲ.

ಈಗ ಓಟದ ವಿಷಯ.

ನನ್ನ ಮಗ ಓಡುವವನು. ಪವಾಯಿಯಲ್ಲಿ ಅವನ ಆಫೀಸು. ಮೂವತ್ತು ದಾಟಿದ ಮೇಲೆ ಎಲ್ಲಿಂದಲೋ 'ಟ್ರೇಲ್ ರನ್ನಿಂಗ್' ಹಿಡಿದುಕೊಂಡ. ಡಾಮರು ರಸ್ತೆ ಬಿಟ್ಟು ಕಾಡಿನ ಕಾಲುದಾರಿಯಲ್ಲಿ, ಕಲ್ಲು ಬೇರುಗಳ ಮೇಲೆ ಓಡುವುದು. ಅವನು ವಿವರಿಸಿದಾಗ ನನಗೆ ನಗು ಬಂತು. ನಾವು ಹುಡುಗರಿದ್ದಾಗ ಹಾಡಿ ದಾಟಿ, ಗುಡ್ಡೆ ಇಳಿದು, ತೋಡು ಹಾರಿ ಮೂರು ಮೈಲಿ ಓಡುತ್ತಿದ್ದೆವು, ಅದೂ ಬರಿಗಾಲಲ್ಲಿ. ಅದಕ್ಕೆ ನಮ್ಮಲ್ಲಿದ್ದ ಹೆಸರು ಬೇರೆ: 'ಶಾಲೆಗೆ ತಡವಾಯಿತು.'

"ಹಾಗಾದ್ರೆ ನಿಮಗೆ ಅಭ್ಯಾಸ ಉಂಟಲ್ಲ ಅಪ್ಪಾ, ಬನ್ನಿ" ಅಂದ.

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: "ಈ ಪ್ರಾಯದಲ್ಲಿ ನಿಮಗೆ ಓಟ ಎಂತಕ್ಕೆ? ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡುದು?"

ಇಲ್ಲಿ ಒಂದು ಹಳೆಯ ಲೆಕ್ಕ ಹೇಳಬೇಕು. 2003ರಲ್ಲಿ ಮಗ ಹತ್ತನೆಯ ತರಗತಿ. ಶಾಲೆಯಲ್ಲಿ ದೂರದ ಓಟದಲ್ಲಿ ಮೊದಲಿಗ. ಜಿಲ್ಲಾ ಮಟ್ಟದ ಆಯ್ಕೆಗೆ ಹೋಗಬೇಕಿತ್ತು. ಅದೇ ವಾರ ಕೋಚಿಂಗ್ ಕ್ಲಾಸಿನ ಪರೀಕ್ಷೆ. ನಾನು ಬೇಡ ಎಂದೆ. "ಓಡಿ ಯಾರಿಗಾದ್ರೂ ಸಂಬಳ ಬಂದದ್ದುಂಟಾ?" ಎಂದು ಕೇಳಿದೆ. ಅವನು ಮರುಮಾತಾಡಲಿಲ್ಲ. ಹೊಸದಾಗಿ ತಂದಿದ್ದ ಬೂಟು ಡಬ್ಬಿಯಲ್ಲೇ ಇತ್ತು. ಅದನ್ನು ನಾನೇ ಅಂಗಡಿಗೆ ವಾಪಸು ಕೊಟ್ಟು ಬಂದೆ. ಮಗ ಮುಂದೆ ಓದಿದ, ಕೆಲಸ ಹಿಡಿದ, ಮದುವೆಯಾದ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಅಂದಿನಿಂದ ಅವನು ನನ್ನ ಹತ್ತಿರ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದನೇ ವಿನಾ ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ. ಹಾಗಿದ್ದವನು ಈಗ "ಬನ್ನಿ" ಅಂದಿದ್ದ. ಸೊಂಟ ಮುರಿದರೂ ಸರಿ ಎಂದು ಹೊರಟೆ.

ಮೊದಲ ಆರು ತಿಂಗಳು ಗೇಟಿನಿಂದ ಕಾನ್ಹೇರಿ ಗುಹೆಗಳ ದಾರಿಯಲ್ಲೇ ಅಭ್ಯಾಸ. ಸ್ವಲ್ಪ ನಡೆಯುವುದು, ಸ್ವಲ್ಪ ಓಡುವುದು. 2020ರ ಲಾಕ್‌ಡೌನಿನಲ್ಲಿ ಗೇಟು ಮುಚ್ಚಿತು. ಕಟ್ಟಡದ ಮೆಟ್ಟಿಲು ಹತ್ತಿ ಇಳಿದೆ. ಆ ಏಪ್ರಿಲ್ ಒಂದಕ್ಕೇ ನಾನು ಜೀವಮಾನವಿಡೀ ದುಡಿದ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡೇ ಇಲ್ಲವಾಯಿತು. ಊರಿನ ಮನೆ ಅದಕ್ಕೂ ಮೊದಲೇ ಪಾಲಾಗಿ ಮಾರಿ ಹೋಗಿತ್ತು. ನಾವು ಓಡುತ್ತಿದ್ದ ಹಾಡಿಯಲ್ಲಿ ಈಗ ಸಾಲುಸಾಲು ಅಕೇಸಿಯಾ. ಗೇಟು ಮತ್ತೆ ತೆರೆದ ದಿನ ಒಳಗೆ ಕಾಲಿಟ್ಟಾಗ ಒದ್ದೆ ಎಲೆಯ ವಾಸನೆ ಮೂಗಿಗೆ ಬಡಿಯಿತು. ಅದು ನಮ್ಮ ಹಾಡಿಯದೇ ವಾಸನೆ. ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ.

ಕಾಡಿನ ಓಟಕ್ಕೆ ತನ್ನದೇ ಶಿಸ್ತಿದೆ. ಎಲ್ಲ ಕಾಲುದಾರಿಗೂ ನುಗ್ಗುವಂತಿಲ್ಲ. ಒಳಗಿನ ದಾರಿಗೆ ಅನುಮತಿ ಬೇಕು, ಮಾರ್ಗದರ್ಶಕ ಜೊತೆಗಿರಬೇಕು. ಒಬ್ಬರೇ ಹೋಗಬಾರದು. ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು. ಚಿರತೆ ಓಡಾಡುವುದು ಮಬ್ಬುಗತ್ತಲಲ್ಲಿ, ಹಾಗಾಗಿ ಬೆಳಕು ಸರಿಯಾಗಿ ಹರಿದ ಮೇಲೆಯೇ ಹೊರಡಬೇಕು. ಚಿರತೆಗೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಈ ಕಾಡಿನ ವಾರ್ಲಿ ಜನ ವಾಘೋಬಾ ಎಂದು ಅದಕ್ಕೆ ಕೈ ಮುಗಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಪಿಲಿಚಾಮುಂಡಿ ಇಲ್ಲವೇ, ಹಾಗೆ. ಕೈ ಮುಗಿದು ದೂರ ಇರುವುದು ಒಳ್ಳೆಯ ಪದ್ಧತಿ. ಈವರೆಗೆ ನಾನು ಕಂಡದ್ದು ಹೆಜ್ಜೆ ಗುರುತು ಮಾತ್ರ.

ಏರು ಬಂದಾಗ ಓಡುವುದೇ ಬೇಡ ಎನ್ನುತ್ತಾನೆ ಮಗ. ತೊಡೆಯ ಮೇಲೆ ಕೈಯೂರಿ ಬೇಗ ಬೇಗ ನಡೆದರೆ ಸಾಕು, ದೊಡ್ಡ ಓಟಗಾರರೂ ಹಾಗೇ ಮಾಡುತ್ತಾರಂತೆ. ಕಷ್ಟ ಇರುವುದು ಇಳಿಜಾರಿನಲ್ಲಿ. "ಅಪ್ಪಾ, ಕಾಲು ನೋಡ್ಬೇಡಿ, ನಾಲ್ಕು ಹೆಜ್ಜೆ ಮುಂದೆ ನೋಡಿ. ಹಿಂದಕ್ಕೆ ವಾಲ್ಬೇಡಿ. ಸಣ್ಣ ಹೆಜ್ಜೆ, ಸಣ್ಣ ಹೆಜ್ಜೆ." ಹೆದರಿ ಹಿಂದಕ್ಕೆ ವಾಲಿದರೆ ಭಾರವೆಲ್ಲ ಹಿಮ್ಮಡಿಗೆ ಬಂದು ಕಾಲು ಜಾರುತ್ತದೆ. ನಮ್ಮೂರಿನ ಮುರಕಲ್ಲು ಒರಟು, ಪಾದ ಹಿಡಿಯುತ್ತದೆ. ಇಲ್ಲಿಯದು ಕರಿಕಲ್ಲು, ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ.

2022ರ ಸೆಪ್ಟೆಂಬರಿನಲ್ಲಿ ಬಿದ್ದೆ. ಅನುಮತಿ ಪಡೆದು ಒಂದು ಗುಡ್ಡ ಹತ್ತಿ ಇಳಿಯುತ್ತಿದ್ದೆವು. ಮುಂದೆ ಮಾರ್ಗದರ್ಶಕ ಹುಡುಗ, ಹಿಂದೆ ಮಗ. ಮೇಲಿನಿಂದ ದೂರದಲ್ಲಿ ಕೆರೆಯ ನೀರು ಹೊಳೆಯುತ್ತಿತ್ತು, ಅದರಾಚೆ ಕಟ್ಟಡಗಳ ಕಾಡು. ಅದನ್ನು ನೋಡುತ್ತಾ ಹೆಜ್ಜೆ ತಪ್ಪಿ ಕೈಯೂರಿದೆ. ಮಣಿಕಟ್ಟಿನಲ್ಲಿ ಚಳಕ್ ಎಂದಿತು. ಮಗ ಬಂದು ತನ್ನ ಟವೆಲು ಸುತ್ತಿದ. ಬಿಚ್ಚಿಹೋಗಿದ್ದ ನನ್ನ ಬೂಟಿನ ಲಾಡಿ ಕಟ್ಟಲು ಮಂಡಿಯೂರಿ ಕೂತ. ಅವನ ನೆತ್ತಿಯಲ್ಲಿ ಬಿಳಿ ಕೂದಲು ಕಂಡವು. ಬಾಯಿ ತನ್ನಷ್ಟಕ್ಕೇ ಹೇಳಿತು:

"ಆವತ್ತು ನಿನ್ನನ್ನು ಓಡ್ಲಿಕ್ಕೆ ಬಿಡ್ಬೇಕಿತ್ತು."

ಯಾವತ್ತು ಎಂದು ಅವನು ಕೇಳಲಿಲ್ಲ. ಲಾಡಿಯನ್ನು ಎರಡು ಗಂಟು ಹಾಕಿ ಬಿಗಿದ.

"ಹೌದು, ಬಿಡ್ಬೇಕಿತ್ತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಏಳಿ ಅಪ್ಪಾ. ಕೂತ್ರೆ ಕಾಲು ಹಿಡ್ಕೊಳ್ತದೆ."

'ಪರವಾಗಿಲ್ಲ ಬಿಡಿ' ಎಂದಿದ್ದರೆ ನನಗೆ ಸಮಾಧಾನ ಆಗುತ್ತಿತ್ತೋ ಏನೋ. ಆದರೆ ಅವನು ಹೇಳಿದ್ದು ನಿಜ. ಹತ್ತೊಂಬತ್ತು ವರ್ಷದ ಬಾಕಿ ಒಂದು ಮಾತಿಗೆ ತೀರುವಂಥದ್ದಲ್ಲ. ಬಾಕಿ ಇದೆ ಎಂದು ಇಬ್ಬರೂ ಒಪ್ಪಿದ್ದೇ ದೊಡ್ಡದು. ಇಳಿಯುವಾಗ ದಾರಿಯುದ್ದಕ್ಕೂ ಅವನು ಶಾಲೆಯ ಆ ಓಟದ ಕಥೆ ಹೇಳಿದ. ಯಾರನ್ನು ಯಾವ ತಿರುವಿನಲ್ಲಿ ಹಿಂದೆ ಹಾಕಿದ್ದು, ಮಾಸ್ತರು ಏನು ಹೇಳಿದ್ದು, ಎಲ್ಲ. ನಾನು ಒಂದನ್ನೂ ಕೇಳಿರಲಿಲ್ಲ; ಅವನಾಗಿಯೇ ಹೇಳಿದ. ಕೈಗೆ ಮೂರು ವಾರ ಪಟ್ಟಿ ಹಾಕಬೇಕಾಯಿತು. ಹೆಂಡತಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಈ ಗುಡ್ಡಗಳಲ್ಲಿ ಕಾರ್ವಿ ಎಂಬ ಗಿಡವಿದೆ, ಕುರಿಂಜಿಯ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜವಾಗಿ, ಸಾಯುತ್ತದೆ. 2016ರಲ್ಲಿ ಅರಳಿದಾಗ ನಾನು ಬ್ಯಾಂಕಿನಲ್ಲಿ ಕೂತಿದ್ದೆ. 2024ರಲ್ಲಿ ಅರಳಿದಾಗ ಅಪ್ಪ ಮಗ ಇಬ್ಬರೂ ಹೋಗಿ ನೋಡಿದೆವು. ಆಳೆತ್ತರದ ಪೊದೆಗಳ ತುಂಬ ನೀಲಿ ನೇರಳೆ ಹೂ, ಅದರ ಮೇಲೆ ಜೇನುಹುಳಗಳ ಗುಂಯ್‌ಗುಟ್ಟುವಿಕೆ. ಅಂದು ಓಡಲಿಲ್ಲ, ಸುಮ್ಮನೆ ನಡೆದೆವು.

"ಇನ್ನು 2032ಕ್ಕೆ" ಅಂದ ಮಗ.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಗ ನನಗೆ ಎಪ್ಪತ್ತನಾಲ್ಕು. ಈ ಪ್ರಾಯದವರು ಎಂಟು ವರ್ಷದ ಡಿಪಾಸಿಟ್ ಇಡಲು ಬಂದರೆ, "ಅಷ್ಟು ದೀರ್ಘ ಯಾಕೆ, ವರ್ಷ ವರ್ಷ ರಿನ್ಯೂ ಮಾಡಿಸಿ" ಎನ್ನುತ್ತಿದ್ದವನು ನಾನೇ. ಈಗಲೂ ಅದೇ ಮಾಡುತ್ತಿದ್ದೇನೆ. ಪ್ರತಿ ಸಲ ವಾಕಿಂಗ್ ಪಾಸು ಮುಗಿಯುವ ಮೊದಲೇ ಗೇಟಿನ ಕೌಂಟರಿಗೆ ಹೋಗಿ ರಿನ್ಯೂ ಮಾಡಿಸಿಕೊಂಡು ಬರುತ್ತೇನೆ.